ವೆಟ್‌ಲ್ಯಾಂಡಿನ ವರ

ಅಥಣಿಯ ವಿರುಪಾಕ್ಷಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದಕ್ಕೇ ಅವನಿಗೆ ಇಂಗ್ಲಿಷಿನ ಮೇಲೆ ಅಷ್ಟು ಭಕ್ತಿ. ತನ್ನ ಗೊಬ್ಬರದ ಅಂಗಡಿಯಲ್ಲಿ ಕೂತು ಚೀಲದ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುವಾಗ ಅವನ ಮುಖದ ಮೇಲೆ ಪೂಜೆಗೆ ಕೂತವರ ಶಾಂತಿ ಇರುತ್ತಿತ್ತು. ಮಗಳು ಕೋಮಲ ಇದಕ್ಕೆ ತದ್ವಿರುದ್ಧ. ರಾಯಬಾಗದ ಒಂದು ಇಂಗ್ಲಿಷ್ ಮೀಡಿಯಂ ಹೈಸ್ಕೂಲಿನಲ್ಲಿ ಅವಳು ಭೂಗೋಳ ಕಲಿಸುತ್ತಿದ್ದಳು. ವ್ಯಾಲಿ, ಡೆಲ್ಟಾ, ಪ್ರೇರಿ ಎಂದು ದಿನಾ ಬೋರ್ಡಿನ ಮೇಲೆ ಬರೆದು ಒರೆಸಿ ಒರೆಸಿ ಅವಳಿಗೆ ಆ ಮಾತುಗಳ ಬಗ್ಗೆ ಯಾವ ಬೆರಗೂ ಉಳಿದಿರಲಿಲ್ಲ. ಮನುಷ್ಯರ ಬಗ್ಗೆಯೂ ಅಷ್ಟೇ. ನೋಡಲು ಬಂದ ಒಬ್ಬ ವರನಿಗೆ ನಕಾಶೆಯಲ್ಲಿ ಬೆಳಗಾವಿ ತೋರಿಸಲು ಹೇಳಿದ್ದಳು; ಅವನು ಬೆರಳಿಟ್ಟದ್ದು ಬೀದರಿನ ಮೇಲೆ. "ಹೆಸರಷ್ಟ ಕೋಮಲ, ನಾಲಿಗಿ ಜಾಲಿಮುಳ್ಳ" ಎಂದು ಅವರ ಮನೆಯವರು ಚಿಕ್ಕೋಡಿಯ ತನಕ ಹೇಳಿಕೊಂಡು ಹೋದರು. ಕೋಮಲ ಅದನ್ನು ಕೇಳಿ, ಹೋಲಿಕೆಯಲ್ಲಿ ಏನೂ ಹೊಸತಿಲ್ಲ ಎಂದಷ್ಟೇ ಅಂದಿದ್ದಳು.

ಸಂಕ್ರಾಂತಿ ಮುಗಿದ ಮೇಲೆ ವಿರುಪಾಕ್ಷಪ್ಪನ ಫೋನಿಗೆ ಮತ್ತೊಂದು ಬಯೋಡಾಟಾ ಬಂತು. ಕಳಿಸಿದವನು ನಿಪ್ಪಾಣಿಯ ಉತ್ತಮ. ಹೈವೇ ಬದಿಯ ತಂಬಾಕಿನ ಹೊಲಗಳನ್ನು ಪ್ಲಾಟ್ ಮಾಡಿಸಿ ಮಾರುವುದು ಅವನ ಉದ್ಯೋಗ. ನಡುನಡುವೆ ಗಂಡು ಹೆಣ್ಣುಗಳ ಸಂಬಂಧವನ್ನೂ ಕುದುರಿಸುತ್ತಿದ್ದ. ಎರಡಕ್ಕೂ ಅವನಿಗೆ ಬೇಕಾಗುತ್ತಿದ್ದದ್ದು ಒಂದೇ ಭಾಷೆ. ಈ ಸಲದ ವರ ಅವನ ಸ್ವಂತ ಅಕ್ಕನ ಮಗ, ಸಂಜಯ. ಕೃಷ್ಣಾ ದಂಡೆಯ ಜುಗೂಳದವನು, ಬಿ.ಎಸ್ಸಿ. ಮುಗಿಸಿ ಒಕ್ಕಲುತನ ಹಿಡಿದವನು. ತಂದೆ ತೀರಿಕೊಂಡಿದ್ದ. ಮನೆಯಲ್ಲಿ ತಾಯಿ ರುಕ್ಮವ್ವ, ಮಗ, ಎರಡು ಎಮ್ಮೆ.

ವಿರುಪಾಕ್ಷಪ್ಪ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ: "ರಿವರ್‌ಸೈಡ್ ಎಸ್ಟೇಟ್... ವಿತ್ ಮೆಡೋ, ವುಡ್‌ಲ್ಯಾಂಡ್ ಆ್ಯಂಡ್ ವೆಟ್‌ಲ್ಯಾಂಡ್. ಹೆರಿಟೇಜ್ ಫಾರ್ಮ್‌ಸ್ಟೆಡ್." ಉಸಿರು ತೆಗೆದುಕೊಂಡು ಮಗಳ ಕಡೆ ನೋಡಿದ. "ಎಸ್ಟೇಟ್ ಐತೆಂತವಾ! ಕೊಡಗಿನಾಗ ಇರತಾವಲ್ಲ, ಅಂಥಾದ್ದು."

"ಕೊಡಗಿನಾಗ ಕಾಫಿ ಇರತೈತಿ ಅಪ್ಪಾ. ಜುಗೂಳದಾಗ ಕಬ್ಬ. ಕಬ್ಬ ದಾಟಿದ್ರ ಮತ್ತ ಕಬ್ಬ."

"ಮೆಡೋ ಅಂದ್ರ?"

"ದನಾ ಮೇಯೂ ಜಾಗಾ."

"ವುಡ್‌ಲ್ಯಾಂಡ?"

"ಗಿಡಾ ಇರೂ ಜಾಗಾ."

"ಮತ್ತ ಈ ವೆಟ್‌ಲ್ಯಾಂಡ?"

ಕೋಮಲ ಇಸ್ತ್ರಿ ಮಾಡುತ್ತಿದ್ದವಳು ನಿಲ್ಲಿಸಿ ನಕ್ಕಳು. "ಅದು ಬಾಳ ದೊಡ್ಡ ಮಾತಪಾ. ನೀರ ನಿಂತಿರತೈತಿ, ಸೈಬೇರಿಯಾದಿಂದ ಹಕ್ಕಿ ಬರತಾವ, ಸರಕಾರದವರು ಬೋರ್ಡ ಹಾಕಿರತಾರ. ಜುಗೂಳದಾಗ ಒಬ್ಬ ರೈತನ ಹೊಲದಾಗ ಅದು ಐತಿ ಅಂದ್ರ ನಾ ನೋಡಾಕ ಬೇಕ. ಹೋಗೂಣ ನಡಿ."

ವರನ ಮನೆ ನೋಡಲು ಹುಡುಗಿಯೇ ಹೋಗುವುದು ಪದ್ಧತಿಯಲ್ಲ. ಆದರೆ ಮಗಳು ತಾನಾಗಿ "ಹೋಗೂಣ" ಎಂದದ್ದೇ ವಿರುಪಾಕ್ಷಪ್ಪನಿಗೆ ದೊಡ್ಡ ಶಕುನವಾಗಿ ಕಂಡಿತು. ಅವಳು ನಗಲು ಹೊರಟಿದ್ದಾಳೆ ಎಂಬುದು ಅವನ ತಲೆಗೆ ಹೋಗಲಿಲ್ಲ.

ಮುಂದಿನ ರವಿವಾರ ಬಾಡಿಗೆ ಗಾಡಿ ಮಾಡಿಕೊಂಡು ಇಬ್ಬರೂ ಹೊರಟರು. ಕಬ್ಬಿನ ಹಂಗಾಮು. ಕಬ್ಬು ಹೇರಿದ ಎರಡೆರಡು ಡಬ್ಬಿ ಎಳೆಯುವ ಟ್ರ್ಯಾಕ್ಟರುಗಳು ಕಾಗವಾಡದ ರಸ್ತೆಯನ್ನೆಲ್ಲ ತಮ್ಮದೇ ಎಂಬಂತೆ ಹಿಡಿದಿದ್ದವು. ಜುಗೂಳ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಉತ್ತಮ ಊರ ಬಾಯಲ್ಲೇ ಕಾಯುತ್ತಿದ್ದ. ಬಿಳಿ ಶರ್ಟು, ತಲೆಯ ಮೇಲೆ ಏರಿಸಿದ ಗಾಗಲ್, ಕೈಯಲ್ಲಿ ಎರಡು ಫೋನು.

"ಯಾ ಯಾ, ಬರ್ರಿ ದಾದಾ! ವೆಲ್‌ಕಮ್ ಟು ದಿ ಎಸ್ಟೇಟ್!"

ಹೆರಿಟೇಜ್ ಫಾರ್ಮ್‌ಸ್ಟೆಡ್ ಎಂದರೆ ಕಲ್ಲಿನ ಗೋಡೆಯ, ಪತ್ರಾಸ್ ತಗಡಿನ ಮಾಡಿನ ಮನೆ. ಒಂದು ಬದಿಗೆ ಎಮ್ಮೆ ಕಟ್ಟುವ ಛಪ್ಪರ. ಮನೆ ಸ್ವಚ್ಛವಾಗಿತ್ತು, ಅಂಗಳ ಸಾರಿಸಿತ್ತು. ಅದನ್ನು ಮನೆ ಎಂದೇ ಬರೆದಿದ್ದರೆ ಕೋಮಲ ನಗಲು ಏನೂ ಇರಲಿಲ್ಲ. ರುಕ್ಮವ್ವ ಚುರಮರಿ, ಚಹಾ ತಂದಿಟ್ಟಳು. ಸಂಜಯ ಗೋಡೆಗೆ ಆತು ಕೂತಿದ್ದ: ಎತ್ತರದ ಆಳು, ಬಿಸಿಲಿಗೆ ಕಪ್ಪಾದ ಮುಖ, ಇಸ್ತ್ರಿ ಮಾಡಿದ ಅಂಗಿಯೊಳಗೆ ಬೇರೆಯವರ ಮನೆಯಲ್ಲಿ ಕೂತಂತೆ ಕೂತಿದ್ದ. ಒಂದು ಮಾತೂ ಆಡಲಿಲ್ಲ. ಅವನ ಪಾಲಿನ ಮಾತನ್ನೆಲ್ಲ ಸೋದರಮಾವನೇ ಆಡುತ್ತಿದ್ದ.

"ಏನರ ಕೇಳೂದಿದ್ರ ಕೇಳ್ರಿ ಮೇಡಂ" ಎಂದ ಉತ್ತಮ. "ಇಂದಿನ ಜಮಾನಾದಾಗ ಹುಡುಗಿಯಾರೂ ಕೇಳಬೇಕ."

ಕೋಮಲ ಕಪ್ಪು ಕೆಳಗಿಟ್ಟಳು. "ಮೊದಲ ಎಸ್ಟೇಟ್ ತೋರಸ್ರಿ. ಮಾತ ಆಮೇಲೆ."

ಸಂಜಯ ತಲೆಯೆತ್ತಿ ಮಾವನ ಕಡೆ ನೋಡಿದ. ಉತ್ತಮ ಒಂದು ಗಳಿಗೆ ತಡವರಿಸಿದ. ಆದರೆ ಪ್ಲಾಟ್ ಮಾರುವವನಿಗೆ ನೋಡಲು ಬಂದ ಗಿರಾಕಿ ಯಾವತ್ತೂ ಭಾರವಲ್ಲ. ಐದೂ ಮಂದಿ ಹೊರಟರು. ರುಕ್ಮವ್ವ ಸೆರಗು ಬಿಗಿದು ಎಲ್ಲರ ಹಿಂದೆ.

ಮೊದಲು ವುಡ್‌ಲ್ಯಾಂಡ್ ಬಂತು. ಬದುವಿನ ಉದ್ದಕ್ಕೆ ಜಾಲಿಕಂಟಿ, ಕೊನೆಗೊಂದು ಬೇವಿನ ಗಿಡ. ಉತ್ತಮ ಕೈಚಾಚಿ, "ನ್ಯಾಚುರಲ್ ಫಾರೆಸ್ಟ್ ಬೆಲ್ಟ್" ಎಂದ. ಬೇವಿನ ಬುಡದಲ್ಲಿ ಕಬ್ಬು ಕಡಿಯುವವರ ಊಟದ ಡಬ್ಬಿಗಳು ಇದ್ದವು.

"ಹುಲಿ ಅದಾವೇನ್ರಿ?" ಎಂದು ಕೇಳಿದಳು ಕೋಮಲ.

"ಹುಲಿ ಇಲ್ರಿ. ಆದ್ರ ನವಿಲ ಬರತಾವ" ಎಂದ ಉತ್ತಮ, ಅವಳ ದನಿ ಹಿಡಿಯದೆ.

ಮೆಡೋ ಎಂದರೆ ಹಳ್ಳದ ಪಕ್ಕದ ಒಂದು ಓಣಿಯಷ್ಟು ಖರಾಬ ಜಾಗ, ಕರಕಿ ಹುಲ್ಲು ಬೆಳೆದಿತ್ತು. ಅಲ್ಲಿ ಪಕ್ಕದ ಹೊಲದವರ ಎಮ್ಮೆಯೊಂದು ಮೇಯುತ್ತಾ ಇವರನ್ನು ನೋಡಿ ಬಾಯಾಡಿಸುವುದನ್ನು ನಿಲ್ಲಿಸಿತು. ರಿವರ್‌ಸೈಡ್ ಎಂದರೆ ಹೊಳೆ ಕಡಿದು ಅರ್ಧ ತಿಂದುಹೋಗಿದ್ದ ದಂಡೆ. ಒಂದೊಂದಕ್ಕೂ ಕೋಮಲ ಒಂದೊಂದು ಮಾತು ಬಿಟ್ಟಳು. ಮೆಡೋದಲ್ಲಿ ಎಮ್ಮೆಗೆ, "ಗುಡ್ ಮಾರ್ನಿಂಗ್" ಅಂದಳು. ದಂಡೆಯ ಮೇಲೆ ನಿಂತು, "ಎಸ್ಟೇಟಿನ ಅರ್ಧ ಆಂಧ್ರಕ್ಕ ಹೋಗೇತಿ, ಅಲ್ಲಿಂದು ರಿಜಿಸ್ಟರ್ ಹ್ಯಾಂಗ?" ಅಂದಳು. ವಿರುಪಾಕ್ಷಪ್ಪ ಮಗಳ ಮಾತಿಗೆ ನಾಚಿ, ಉತ್ತಮನ ಮಾತಿಗೆ ತಲೆದೂಗಿ, ಎರಡರ ನಡುವೆ ಬೆವರುತ್ತಾ ನಡೆದ.

ಹಿಂದಿನಿಂದ ರುಕ್ಮವ್ವನ ದನಿ ಬಂತು. "ತಂಗೀ, ಹೊಲಾ ನೋಡಾಕ ಬಂದೀಯೋ, ನಮ್ಮನ್ನ ಆಡಿಕೊಳ್ಳಾಕ ಬಂದೀಯೋ?"

"ಬರದದ್ದ ಓದೇನ್ರಿ, ಬರದದ್ದ ಹುಡಕಾಕತ್ತೇನಿ" ಎಂದಳು ಕೋಮಲ, ತಿರುಗಿ ನೋಡದೆ.

ಕೊನೆಗೆ ವೆಟ್‌ಲ್ಯಾಂಡ್. ಕಬ್ಬಿನ ಗೋಡೆ ಮುಗಿದದ್ದೇ ಕಣ್ಣಿಗೆ ರಾಚುವಂತೆ ಒಂದು ಬಯಲು ತೆರೆಯಿತು. ನೆಲದ ಮೇಲೆ ಉಪ್ಪು ಎರಚಿದಂಥ ಬಿಳಿ ಪದರು. ಅಲ್ಲಲ್ಲಿ ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗಿ ಸತ್ತ ಕಬ್ಬಿನ ಕೂಳೆ. ನಡುವೆ ನಿಂತ ನೀರು, ಅದರ ಅಂಚಿಗೆ ಆಪು ಹುಲ್ಲು ಬೆಳೆದಿತ್ತು. ಉತ್ತಮ ಇಲ್ಲಿ ದನಿ ಸ್ವಲ್ಪ ತಗ್ಗಿಸಿದ, ಗುಡಿಯೊಳಗೆ ಬಂದವನ ಹಾಗೆ. "ಧಿಸ್ ಈಸ್ ದಿ ವೆಟ್‌ಲ್ಯಾಂಡ್. ಫುಲ್ ನೇಚರ್."

ಆಪಿನ ಮಗ್ಗುಲಲ್ಲಿ ಒಂದು ಬೆಳ್ಳಕ್ಕಿ ಒಂಟಿ ಕಾಲಲ್ಲಿ ನಿಂತಿತ್ತು. ಅದನ್ನು ಕಂಡದ್ದೇ ವಿರುಪಾಕ್ಷಪ್ಪನ ಎದೆಯಲ್ಲಿ ಇಷ್ಟು ಹೊತ್ತು ಬಾಡಿದ್ದ ಆಸೆ ಮತ್ತೆ ಚಿಗುರಿತು. "ಅಕಾ ನೋಡವಾ ಕೋಮಲಾ! ಸೈಬೇರಿಯಾದ್ದು!" ಎನ್ನುತ್ತಾ ಅವನು ದಡದಡನೆ ಆ ಬಿಳಿ ಪದರಿನ ಮೇಲೆ ಕಾಲಿಟ್ಟು ನಡೆದುಬಿಟ್ಟ.

"ದಾದಾ! ದಾದಾ, ಸ್ಟಾಪ್! ಅದು ವೆಟ್..." ಉತ್ತಮನ ಇಂಗ್ಲಿಷ್ ಅಲ್ಲಿಗೆ ಮುಗಿಯಿತು. ಗಂಟಲು ಹರಿಯುವಂತೆ ಕೂಗಿದ: "ಜವಳೈತ್ರೀ! ಜವಳ! ಹುಗೀತೀರಿ!"

ಅಷ್ಟರಲ್ಲಿ ವಿರುಪಾಕ್ಷಪ್ಪ ಮೊಣಕಾಲಿನವರೆಗೆ ಹುಗಿದಿದ್ದ. ಒಂದು ಕಾಲು ಎತ್ತಲು ಹೋದರೆ ಇನ್ನೊಂದು ತೊಡೆಯವರೆಗೆ ಇಳಿಯಿತು. ಧೋತರ ಕೆಸರಿನ ಮೇಲೆ ಹಾಯಿಯಂತೆ ಹರಡಿತು. ಬೆಳ್ಳಕ್ಕಿ ಹಾರಿ ಪಕ್ಕದ ಕಬ್ಬಿನಾಚೆ ಹೋಯಿತು. "ಯಪ್ಪಾ, ಯಪ್ಪಾ" ಎಂದು ಅವನು ಕೂಗುವಾಗ ಕೋಮಲಳಿಗೆ ಆ ದಿನ ಮೊದಲ ಸಲ ನಗು ಬರಲಿಲ್ಲ. ಓಡಿಹೋಗಲು ಕಾಲೆತ್ತಿದವಳ ತೋಳನ್ನು ರುಕ್ಮವ್ವ ಗಟ್ಟಿಯಾಗಿ ಹಿಡಿದಳು. "ನೀ ಹೋದ್ರ ನೀನೂ ಹುಗೀತಿ. ನಿಂದ್ರು."

ಸಂಜಯ ಆಗಲೇ ಪಕ್ಕದ ಕಟಾವಾದ ಹೊಲದಿಂದ ಎರಡು ತೋಳಿನ ತುಂಬ ಕಬ್ಬಿನ ರವದಿ ತಂದು ಕೆಸರಿನ ಮೇಲೆ ಹಾಸುತ್ತಿದ್ದ. ಒಣಗಿದ ಆ ಎಲೆಗಳ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಮುಂದೆ ಸರಿದು, ವಿರುಪಾಕ್ಷಪ್ಪನ ಬಗಲಿಗೆ ಕೈ ಹಾಕಿದ. "ಕಾಕಾರ, ಒದ್ಯಾಡಬ್ಯಾಡ್ರಿ. ಹಿಂದಕ್ಕ ವಾಲ್ರಿ. ಹಂಗ. ಈಗ ನಿಧಾನಕ ಕಾಲ ಎಳೀರಿ." ಇಸ್ತ್ರಿಯ ಅಂಗಿ ಸಂಪೂರ್ಣ ಕೆಸರಾಯಿತು. ಹೆಣಗಾಡಿ ಹೆಣಗಾಡಿ ಅವನನ್ನು ದಂಡೆಗೆ ಎಳೆದು ತಂದ. ಒಂದು ಚಪ್ಪಲಿ ಒಳಗೇ ಉಳಿಯಿತು.

ಎಲ್ಲರೂ ಬದುವಿನ ಮೇಲೆ ಕೂತರು. ಉತ್ತಮ ಫೋನು ನೋಡುವವನಂತೆ ದೂರ ನಿಂತ. ಸಂಜಯ ಕೈಯ ಕೆಸರನ್ನು ಹುಲ್ಲಿಗೆ ಒರೆಸುತ್ತಾ ಮೊದಲ ಸಲ ಕೋಮಲಳ ಕಡೆ ನೋಡಿ ಮಾತಾಡಿದ.

"ಇದು ಜವಳ ಹಿಡದ ಹೊಲಾರಿ. ವೆಟ್‌ಲ್ಯಾಂಡ್ ಅಲ್ಲ ಏನಲ್ಲ. ನಮ್ಮಪ್ಪ ಹೊಳಿ ಮಗ್ಗಲಾಗ ಐತಿ ಅಂತ ನೀರ ಬಿಟ್ಟಾ, ಗೊಬ್ಬರ ಸುರದಾ, ಮತ್ತ ನೀರ ಬಿಟ್ಟಾ. ನೆಲದಾಗಿನ ಉಪ್ಪ ಮ್ಯಾಲ ಎದ್ದ ಬಂತು. ಈಗ ಇದರಾಗ ಕರಕೀನೂ ಹುಟ್ಟೂದಿಲ್ಲ."

"ನಿಮಗ ಗೊತ್ತಿತ್ತಲ್ಲ" ಎಂದಳು ಕೋಮಲ. "ನಿಮ್ಮ ಮಾಮಾ ಬರದದ್ದ ನೀವು ಓದಿರಲಿಲ್ಲೇನು?"

"ಓದಿದ್ದೆ."

"ಓದಿ ಸುಮ್ಮ ಕುಂತ್ರಿ. ನಮ್ಮಪ್ಪ ಹುಗಿಯೂತನಕ ನಿಮ್ಮ ಬಾಯಿಂದ ಒಂದ ಮಾತ ಹೊಂಡಲಿಲ್ಲ."

ಉತ್ತರ ಕೊಟ್ಟವಳು ರುಕ್ಮವ್ವ. "ಹೊಲಾ ಅಂತ ಬರದ್ರ ಯಾರ ಬರತಾರವಾ? ಒಕ್ಕಲಿಗ ಅಂದಕೂಡ್ಲೆ ಫೋನ್ ಇಡತಾರ. ಜವಳ ಅಂತ ಖರೆ ಹೇಳಿ ಎಷ್ಟ ಕಡೆ ಮಾರಿ ತಿರುವಿಸಿಕೊಂಡೇವಿ ಅಂತ ನಿನಗೇನ ಗೊತ್ತ. ನೀನರ ಯಾಕ ಬಂದಿ? ಎಸ್ಟೇಟ್ ಅಂತ ಓದೇ ಬಂದಿ."

"ಎಸ್ಟೇಟ್ ಸುಳ್ಳಂತ ಗೊತ್ತಿದ್ದ ಬಂದೇನ್ರಿ."

"ಹಂಗಾರ ನೀ ನಮಗಿಂತ ಕಡೆ. ನಾವು ಆಸೆದಿಂದ ಸುಳ್ಳ ಹೇಳಿದ್ವಿ. ನೀ ಮಜಾ ನೋಡಾಕ ಬಂದಿ." ರುಕ್ಮವ್ವ ಎದ್ದು ನಿಂತಳು. "ಇರಲಿ. ನಿಮ್ಮ ವೈನ್ ಯಾರ್ಡಿನಾಗ ಏನೈತಿ ಅಂತ ಮಂದಿಗೆ ಗೊತ್ತಿಲ್ಲಂತ ತಿಳದೀಯೇನ?"

"ಯಾವ ಯಾರ್ಡ?" ಎಂದಳು ಕೋಮಲ.

ಕೆಸರು ಮೆತ್ತಿದ ವಿರುಪಾಕ್ಷಪ್ಪ ಅತ್ತ ತಿರುಗಿ ತನ್ನ ಉಳಿದ ಚಪ್ಪಲಿಯನ್ನು ಬಹಳ ಮನಸ್ಸಿಟ್ಟು ತೊಳೆಯತೊಡಗಿದ.

ತಿರುಗಿ ಬರುವಾಗ ಗಾಡಿಯಲ್ಲಿ ಕೋಮಲ ಅಪ್ಪನ ಫೋನು ಕಸಿದುಕೊಂಡು ತನ್ನ ಬಯೋಡಾಟಾ ತೆರೆದಳು. ಅದುವರೆಗೆ ಅದನ್ನು ಓದಿಯೇ ಇರಲಿಲ್ಲ. ಅಂಥದ್ದನ್ನೆಲ್ಲ ಓದುವುದು ತನ್ನ ಘನತೆಗೆ ಕಡಿಮೆ ಎಂದುಕೊಂಡಿದ್ದಳು. ಅಲ್ಲಿ ಹೀಗಿತ್ತು: "ಓನ್ಲಿ ಡಾಟರ್. ಹಿಲ್‌ವ್ಯೂ ವಿನ್‌ಯಾರ್ಡ್ ಎಸ್ಟೇಟ್, ಅಥಣಿ." ಬರೆದ ಕೈ ಅದೇ. ಉತ್ತಮ ಎರಡೂ ಕಡೆಯ ಬಯೋಡಾಟಾವನ್ನು ಒಂದೇ ಕೂತಿನಲ್ಲಿ ಬರೆದಿದ್ದ. ಎರಡೂ ಹೊಲ ಅವನು ನೋಡಿದ್ದ. ಎರಡೂ ಮನೆಯವರಿಗೆ, ಅವರದ್ದು ನಿಮ್ಮದಕ್ಕಿಂತ ಮೇಲೆ ಎಂದು ಹೇಳಿದ್ದ.

"ದ್ರಾಕ್ಷಿ ಕಿತ್ತ ಎಷ್ಟ ವರ್ಷ ಆತ ಅಪ್ಪಾ?" ಎಂದಳು.

"ಕಂಬ ಅದಾವಲ್ಲವಾ" ಎಂದ ವಿರುಪಾಕ್ಷಪ್ಪ ಮೆಲ್ಲಗೆ. "ನಾಳೆ ಹಚ್ಚೂದಾದ್ರ ಹಚ್ಚಬಹುದಂತ ಉತ್ತಮರಾವ್ ಹೇಳಿದ್ರು. ಪೊಟೆನ್ಶಿಯಲ್ ವಿನ್‌ಯಾರ್ಡ್ ಅಂದ್ರು. ಪೊಟೆನ್ಶಿಯಲ್ ಉದ್ದಾತು ಅಂತ ತಗಸಿದ್ವಿ."

ಕೋಮಲ ಕಿಟಕಿಯ ಕಡೆ ತಿರುಗಿದಳು. ಮಂದಿಯ ಮೂರ್ಖತನವನ್ನು ಊರಗಲ ನೋಡಬಲ್ಲೆ ಎಂದುಕೊಂಡವಳಿಗೆ ತನ್ನ ಮನೆಯ ಹೊಸ್ತಿಲಲ್ಲಿದ್ದದ್ದು ಕಂಡಿರಲಿಲ್ಲ. ಅವಮಾನಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಸಿಟ್ಟನ್ನು ಯಾರ ಮೇಲೆ ಇಳಿಸಬೇಕೆಂದು ತಿಳಿಯದೆ, ಮನೆಗೆ ಬಂದದ್ದೇ ಉತ್ತಮನಿಗೆ ಫೋನು ಮಾಡಿ, "ಸಂಬಂಧ ಬ್ಯಾಡ. ನಿಮ್ಮ ಇಂಗ್ಲಿಷಂತೂ ಬ್ಯಾಡೇ ಬ್ಯಾಡ" ಎಂದು ಹೇಳಿ ಇಟ್ಟಳು.

ಕೆಲವು ವಾರ ಕಳೆದ ಮೇಲೆ ಒಂದು ರವಿವಾರ ಮುಂಜಾನೆ ಸಂಜಯ ಬೈಕಿನ ಮೇಲೆ ಅಥಣಿಗೆ ಬಂದ. ಅಂಗಡಿಯಲ್ಲಿ ವಿರುಪಾಕ್ಷಪ್ಪ ಗಾಬರಿಯಾಗಿ ಎದ್ದು ನಿಂತು ಖುರ್ಚಿ ಒರೆಸಿದ. ಸಂಜಯ ಕೂರಲಿಲ್ಲ. "ನಿಮ್ಮ ಹಿಲ್‌ವ್ಯೂ ನೋಡಾಕ ಬಂದೇನ್ರಿ ಕಾಕಾರ" ಎಂದ. ಕೋಮಲ ಒಳಗಿನಿಂದ ಆ ಮಾತು ಕೇಳಿ ಚಪ್ಪಲಿ ಮೆಟ್ಟಿ ಹೊರಬಂದಳು. ಅಪ್ಪ ತೋರಿಸಲು ಹೋದರೆ ಇನ್ನೂ ಏನೇನು ಹೇಳಿಯಾನೋ ಎಂಬ ಹೆದರಿಕೆ ಅವಳಿಗೆ.

ಊರ ಹೊರಗೆ ಒಣ ಮಡ್ಡಿಯ ಮೇಲೆ ಆ ಹೊಲ. ಬಳ್ಳಿ ಕಿತ್ತುಹೋಗಿ ಕಲ್ಲಿನ ಕಂಬಗಳಷ್ಟೇ ಸಾಲಾಗಿ ನಿಂತಿದ್ದವು, ನಡುವೆ ತುಕ್ಕು ಹಿಡಿದ ತಂತಿ. ಬೋರು ಬತ್ತಿದ್ದರಿಂದ ಗಿಡ ಒಣಗಿ ಕಿತ್ತದ್ದು. ನೆಲವೆಲ್ಲ ಕಲ್ಲುಗರಸು. ಗುಡ್ಡ ಎಂದರೆ ಪಕ್ಕದ ಕಲ್ಲಿನ ಖಣಿಯವರು ತೆಗೆದು ಸುರಿದ ಮಣ್ಣಿನ ರಾಶಿ.

ಸಂಜಯ ಸುತ್ತ ಒಮ್ಮೆ ನೋಡಿದ. ಆ ಮಣ್ಣಿನ ರಾಶಿಯ ಮೇಲೆ ಅವನ ಕಣ್ಣು ನಿಂತಿತು. ತುಟಿ ಕಚ್ಚಿದ. ತಡೆಯಲಾಗಲಿಲ್ಲ. ಒಂದು ಕಂಬ ಹಿಡಿದುಕೊಂಡು ಬಗ್ಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ನಕ್ಕದ್ದ ಆತೇನ್ರಿ?" ಎಂದಳು ಕೋಮಲ, ಮುಖ ಕೆಂಪಾಗಿ.

"ಇನ್ನೂ ಸ್ವಲ್ಪ ಐತ್ರಿ. ನಮ್ಮ ಹೊಲದಾಗ ನೀವು ಹೊಟ್ಟಿ ತುಂಬ ನಕ್ಕ ಬಂದ್ರಿ. ನಾ ಬರೇ ಅದನ್ನ ತಿರುಗಿ ಕೊಡಾಕ ಬಂದೇನಿ."

ಅವಳಿಗೆ ಮಾತು ಸಿದ್ಧವಿತ್ತು, ಯಾವಾಗಲೂ ಇರುತ್ತಿತ್ತು. ಆದರೆ ಅದನ್ನು ಆಡಲು ಬಾಯಿ ತೆರೆದವಳಿಗೆ, ಈ ಮನುಷ್ಯ ತನ್ನ ಮುಖಕ್ಕೇ ನಗಲೆಂದು ಇಷ್ಟು ದೂರ ಬಂದಿದ್ದಾನೆ, ಹಿಂದಿನಿಂದ ಊರೂರಿಗೆ ಹೇಳಿಕೊಂಡು ಹೋಗಿಲ್ಲ ಎಂಬುದು ಹೊಳೆಯಿತು. ತಾನೂ ಒಂದು ಕಂಬಕ್ಕೆ ಒರಗಿದಳು.

"ಆ ದಿನ ಯಾಕ ಹಿಂಗ ಬಾಯಿ ಬಿಡಲಿಲ್ಲ?"

"ಅಂಜಿಕಿರಿ" ಎಂದ ಅವನು ನೇರವಾಗಿ. "ಜವಳ ಅಂದ್ರ ಹೋಗತೀರಿ, ವೆಟ್‌ಲ್ಯಾಂಡ್ ಅಂದ್ರ ನಗತೀರಿ. ನಗೂ ಹುಡುಗಿ ಕಡೀಕ ಮನಿತನಕ ಬರತಾಳಲ್ಲ ಅಂತ ಸುಮ್ಮ ಕುಂತೆ. ತಪ್ಪಾತು. ನಿಮ್ಮಪ್ಪಾರ ಹುಗದಾಗ ತಿಳೀತು."

"ಆ ಜವಳಿಗೆ ಏನ ಮಾಡಾವ್ರದೀರಿ?"

"ಬಸಿಗಾಲುವೆ ತಗಿಯೂದು. ನೆಲದ ಬುಡಕ ತೂತಿನ ಪೈಪ ಹಾಕಿ ಉಪ್ಪನೀರ ಹಳ್ಳಕ್ಕ ಬಿಡೂದು. ಆದ್ರ ಪೈಪ ನಡುವಿನ ಹೊಲಾ ದಾಟಿ ಹೋಗಬೇಕ. ಆ ಹೊಲದ ರಾವಸಾಹೇಬ ಕಾಕಾ ಒಪ್ಪವಲ್ಲ. ಅವರ ಮಾತ ಕೇಳಿದ್ರ ನನಗ ತಿರುಗಿ ಮಾತ ಬರೂದಿಲ್ಲ."

"ನನಗ ಬರತೈತಿ" ಎಂದಳು ಕೋಮಲ. ಅಂದ ಮೇಲೆ ತಾನೇನು ಅಂದೆ ಎಂಬುದು ಅವಳಿಗೂ ತಿಳಿಯಿತು, ಅವನಿಗೂ ತಿಳಿಯಿತು.

ಆ ಬೇಸಿಗೆಯಲ್ಲೇ ಮದುವೆಯಾಯಿತು. ಲಗ್ನಪತ್ರಿಕೆಯನ್ನು ಕೋಮಲ ತಾನೇ ಬರೆದಳು, ಪೂರ್ತಿ ಕನ್ನಡದಲ್ಲಿ. ಉತ್ತಮ ಅದನ್ನು ನೋಡಿ, "ಇಷ್ಟ ಸಾದಾ?" ಎಂದು ಮರುಗಿದ. ಕೋಮಲ ದಿನಾ ಸ್ಕೂಟಿಯ ಮೇಲೆ ರಾಯಬಾಗಕ್ಕೆ ಹೋಗಿ ಬರತೊಡಗಿದಳು. ರುಕ್ಮವ್ವ ಸೊಸೆಯನ್ನು ಒಪ್ಪಿಕೊಂಡಳು, ಮೆಚ್ಚಿಕೊಳ್ಳಲಿಲ್ಲ. ರೊಟ್ಟಿ ಬಡಿಯುವುದನ್ನು ನೋಡಿ, "ಇದು ಯಾವ ದೇಶದ ನಕಾಶಿ?" ಎಂದು ಕೇಳುತ್ತಿದ್ದಳು. ಅತ್ತೆಗೂ ಒಂದು ನಾಲಿಗೆ ಇದೆ ಎಂದು ಕೋಮಲಳಿಗೆ ಆಗ ಗೊತ್ತಾಯಿತು.

ಮಳೆಗಾಲ ಬಂತು. ಜವಳಿನ ಹೊಲದಲ್ಲಿ ನೀರು ತುಂಬಿ, ಬಿಳಿ ಪದರು ಮುಚ್ಚಿ, ಆಪು ಹಸಿರಾಗಿ, ದೂರದಿಂದ ನೋಡುವವರಿಗೆ ಅದು ನಿಜಕ್ಕೂ ಚೆಂದ ಕಾಣತೊಡಗಿತು. ಇದನ್ನೇ ಕಾಯುತ್ತಿದ್ದ ಉತ್ತಮ ಒಂದು ಸಂಜೆ ಕೊಲ್ಹಾಪುರದ ಡಾಕ್ಟರ್ ಗಂಡಹೆಂಡತಿಯನ್ನು ಕಾರಿನಲ್ಲಿ ಕರೆತಂದ. ಸಂಜಯ ಸಕ್ಕರೆ ಕಾರಖಾನೆಯ ಕಡೆ ಹೋಗಿದ್ದ. ರುಕ್ಮವ್ವ ತಾನೇ ಮುಂದೆ ನಿಂತು ಹೊಲ ತೋರಿಸಿದಳು. ಆ ಹೊಲ ಅವಳ ಗಂಡನನ್ನು ಕೊರಗಿಸಿ ಕೊಂದಿತ್ತು, ಮಗನಿಗೆ ಹೆಣ್ಣು ಸಿಗದಂತೆ ಮಾಡಿತ್ತು. ಯಾರಾದರೂ ಒಯ್ದರೆ ಸಾಕಾಗಿತ್ತು ಅವಳಿಗೆ.

ಕೋಮಲ ಶಾಲೆಯಿಂದ ಬರುವ ಹೊತ್ತಿಗೆ ಡಾಕ್ಟರನ ಹೆಂಡತಿ ಬದುವಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಉತ್ತಮ ಎರಡೂ ಕೈ ಚಾಚಿ ಹೇಳುತ್ತಿದ್ದ: "ಲೇಕ್‌ಸೈಡ್ ವೀಕೆಂಡ್ ಪ್ರಾಪರ್ಟಿ. ಸನ್‌ಸೆಟ್ ಫೇಸಿಂಗ್."

ಕೋಮಲ ಸ್ಕೂಟಿ ನಿಲ್ಲಿಸಿ ನೇರ ಡಾಕ್ಟರನ ಹತ್ತಿರ ಹೋದಳು. ಅವನಿಗೆ ತಿಳಿಯುವಂತೆ ಮರಾಠಿಯಲ್ಲೇ ಹೇಳಿದಳು: "ಸಾಹೇಬ, ಹೇ ತಳಂ ನಾಹೀ. ಕ್ಷಾರಪಡ ಜಮೀನ ಆಹೇ." ಕೆರೆಯಲ್ಲ, ಉಪ್ಪು ಎದ್ದ ಹೊಲ. ದೀಪಾವಳಿ ಹೊತ್ತಿಗೆ ಈ ನೀರು ಇಳಿಯುತ್ತದೆ, ಕೆಳಗಿನ ಕೆಸರು ಇಳಿಯುವುದಿಲ್ಲ, ಇಲ್ಲಿ ಗೋಡೆ ಎಬ್ಬಿಸಿದರೆ ಉಪ್ಪು ಅದನ್ನು ತಿನ್ನುತ್ತದೆ ಎಂದು ಒಂದೊಂದಾಗಿ ಹೇಳಿದಳು. ಡಾಕ್ಟರು ಹೆಂಡತಿಯನ್ನು ಬದುವಿನಿಂದ ಕೆಳಗೆ ಕರೆದ. ಹೆಂಡತಿ, ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿದೆ ಎಂದಳು. ಇಬ್ಬರೂ ಕಾರು ಹತ್ತಿದರು.

"ನಿನ್ನ ಬಾಯಿಗೆ ಮಣ್ಣ ಬೀಳಲಿ!" ಎಂದು ಚೀರಿದ ಉತ್ತಮ. "ಅವರ ಕಣ್ಣಿಗೆ ಲೇಕ್ ಕಂಡ್ರ ನಿನಗೇನ ಬ್ಯಾನಿ? ಕಂಡಾವ್ರಿಗೆ ಕಂಡಿದ್ದ ಖರೆ!"

"ನಮ್ಮಪ್ಪಗೂ ಸೈಬೇರಿಯಾ ಕಂಡಿತ್ತ ಮಾಮಾ. ತೊಡಿಮಟ ಹುಗದ."

ಉತ್ತಮ ಅದೇ ಕಾರಿನ ಹಿಂದೆ ಹೊರಟುಹೋದ. ಅಕ್ಕನ ಮನೆಗೆ ಮತ್ತೆ ಬಹಳ ದಿನ ಬರಲಿಲ್ಲ. ರುಕ್ಮವ್ವ ಸೊಸೆಯ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದಳು: "ಮನಿಗೆ ಬಂದ ಲಕ್ಷ್ಮೀನ ಒದ್ದ ಕಳಿಸ್ಯಾರವಾ, ನೀನೂ ಮೇವ ಕಡಿಮಿ ತಿನ್ನು." ಸಂಜಯ ಇಬ್ಬರ ನಡುವೆ ತನ್ನ ಹಳೆಯ ಮೌನಕ್ಕೆ ಮರಳಿದ. ಒಂದು ರಾತ್ರಿ ಊಟದ ಮುಂದೆ ಕೋಮಲ, "ಇಲ್ಲೂ ಬಾಯಿ ಹುಗೀಬ್ಯಾಡ್ರಿ" ಎಂದಾಗ ತಾಯಿಯ ಕಡೆ ತಿರುಗಿ, "ಅವ್ವಾ, ಆಕಿ ಹೇಳಿದ್ದ ಬರೋಬರಿ ಐತಿ. ನಾ ಇದ್ದಿದ್ರ ನಾನೂ ಹಂಗ ಹೇಳತಿದ್ದೆ" ಎಂದ. ಹೇಳುತ್ತಿದ್ದನೋ ಇಲ್ಲವೋ, ಅಂದಂತೂ ಅಂದ.

ದಸರಾ ರಜೆಯಲ್ಲಿ ಕೋಮಲ ರಾವಸಾಹೇಬನ ಮನೆಗೆ ಹೋದಳು. ಮೊದಲ ದಿನ ಚಹಾ ಕೊಟ್ಟರು, ಆಮೇಲೆ ಅದೂ ಇಲ್ಲ. "ನಿನ್ನ ಉಪ್ಪ ನನ್ನ ಹೊಲದಾಗ ಹಾಯಬೇಕೇನ?" ಎಂದು ಮುದುಕ ಗುಡುಗಿದ. ಪೈಪಿನಲ್ಲಿ ಹೋಗುವ ನೀರು ಹೊರಗೆ ಹರಿಯುವುದಿಲ್ಲ, ಹೀಗೇ ಬಿಟ್ಟರೆ ಜವಳು ಬದು ದಾಟಿ ಅವನ ಹೊಲಕ್ಕೂ ಬರುತ್ತದೆ ಎಂದು ಅವಳು ವಾದಿಸಿದಳು. ಅವನು ಕೇಳಲಿಲ್ಲ. ಕೊನೆಗೆ ಅವನ ಬದುವಿನ ಅಂಚಿಗೇ ಅವನನ್ನು ಕರೆತಂದು, ಅವನ ಕಬ್ಬಿನ ಮೊದಲ ಸಾಲು ಹಳದಿ ತಿರುಗಿದ್ದನ್ನು ತೋರಿಸಿ, "ಇದಕ್ಕೂ ಉತ್ತಮ ಮಾಮಾನ ಕಡಿಂದ ಒಂದ ಚಂದನ ಹೆಸರ ಇಡಸೂಣೇನ್ರಿ?" ಎಂದಳು. ರಾವಸಾಹೇಬ ಬಗ್ಗಿ ಮಣ್ಣು ಮುಟ್ಟಿ ನಾಲಿಗೆಗೆ ಹಚ್ಚಿ ನೋಡಿದ. ಉಗುಳಿದ. ಮನೆಯ ದಾರಿ ಹಿಡಿದ. ಮರುದಿನ ಪೈಪಿನ ಗೆರೆ ಹಾಕಲು ಅವನೇ ಸುಣ್ಣದ ಚೀಲ ಹಿಡಿದು ಬಂದ.

ಬಸಿಗಾಲುವೆ ತೆಗೆದ ಮೇಲೂ ಪವಾಡವೇನೂ ಆಗಲಿಲ್ಲ. ಎರಡು ಮಳೆಗಾಲ ಉಪ್ಪುನೀರು ಹಳ್ಳಕ್ಕೆ ಬಸಿದುಹೋಗುತ್ತಲೇ ಇತ್ತು. ಅರ್ಧ ಹೊಲ ಇನ್ನೂ ಬೆಳ್ಳಗೇ ಉಳಿದಿದೆ. ಅದು ಬೆಳೆಗೆ ಬರುವುದೇ ಇಲ್ಲ ಎನ್ನುವವರೂ ಇದ್ದಾರೆ. ಮೇಲಿನ ಅರ್ಧದಲ್ಲಿ ಸಂಜಯ ಈ ವರ್ಷ ಗೋಧಿ ಬಿತ್ತಿದ. ತೆಳ್ಳಗೆ, ಅಲ್ಲಲ್ಲಿ ಬೋಳಾಗಿ, ಆದರೂ ಗೋಧಿ ಬಂತು. ಮಾಗುವ ಹೊತ್ತಿಗೆ ವಿರುಪಾಕ್ಷಪ್ಪ ಅಥಣಿಯಿಂದ ನೋಡಲು ಬಂದ. ಒಣ ನೆಲದ ಮೇಲೂ ಕೋಲು ಊರಿ ಪರೀಕ್ಷಿಸಿಯೇ ಹೆಜ್ಜೆ ಇಟ್ಟ.

ಕೊಯ್ಲಿನ ದಿನ ಆಳುಗಳು ಬರುವ ಮೊದಲೇ ರುಕ್ಮವ್ವ ಕುಡುಗೋಲು ಹಿಡಿದು ಹೊಲದಲ್ಲಿದ್ದಳು. ಕೋಮಲ ಪಕ್ಕದ ಸಾಲು ಹಿಡಿದಳು. ರುಕ್ಮವ್ವ ಒಂದು ಹಿಡಿ ಕೊಯ್ದು ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಕಾಳು ಬಾಯಿಗೆ ಹಾಕಿಕೊಂಡು ಅಗಿದಳು. ಆಮೇಲೆ ಎಮ್ಮೆಗಲ್ಲ, ಸೊಸೆಗೇ ಹೇಳಿದಳು:

"ಎತ್ತರ ನೋಡಿದ್ರ ಮೊಣಕಾಲಿಗೂ ಇಲ್ಲ. ಕಾಳ ನೋಡಿದ್ರ ಜೀರಗಿ. ಇದಕ್ಕ ಗೋಧಿ ಅನ್ನಾಕ ನಾಚಿಗಿ ಬರಬೇಕ." ಮತ್ತೆ ಬಗ್ಗಿದಳು. "ಬಗ್ಗಿ ಕೊಯ್ಯಿ. ಬುಡಕ್ಕ ಕೊಯ್ಯಿ. ಒಂದ ಕಡ್ಡೀನೂ ಬಿಡಬ್ಯಾಡ."